ಎದೆ ಸ್ಕ್ಯಾನಿನಲ್ಲಿ ಗಂಟು: ಕಾಯುವುದೋ, ಚುಚ್ಚಿಸುವುದೋ, ತೆಗೆಸುವುದೋ?

ಕಿಡ್ನಿ ಕಲ್ಲಿಗೆಂದು ಹೊಟ್ಟೆ ಸಿಟಿ ಮಾಡಿಸಿದವರು, ಹರ್ನಿಯಾ ಆಪರೇಶನ್‌ಗೆ ಮುಂಚೆ ಎದೆ ಎಕ್ಸ್‌-ರೇ ತೆಗೆಸಿದವರು, ಪುಣೆ-ಬೆಂಗಳೂರು ಹೈವೇದಾಗ ಬೈಕಿನಿಂದ ಬಿದ್ದು ಸ್ಕ್ಯಾನ್ ಮಾಡಿಸಿಕೊಂಡವರು: ಶ್ವಾಸಕೋಶದ ಗಂಟು ಬಹಳ ಸಲ ಸಿಗುವುದು ಇಂಥವರಿಗೇ. ಕೆಮ್ಮಿಲ್ಲ, ದಮ್ಮಿಲ್ಲ, ವರದಿಯ ಕೊನೆಯ ಸಾಲಿನಲ್ಲಿ ಮಾತ್ರ ‘7 ಮಿ.ಮೀ. ನಾಡ್ಯೂಲ್, ಮುಂದಿನ ಪರಿಶೀಲನೆ ಬೇಕು’ ಅಂತ. ಅಲ್ಲಿಂದ ಶುರುವಾಗುತ್ತದೆ ಮನೆಯೊಳಗಿನ ಜಗ್ಗಾಟ. ‘ಏನೂ ಆಗಂಗಿಲ್ಲ ಬಿಡ್ರಿ’ ಅನ್ನುವ ಕಾಕಾ ಒಂದು ಕಡೆ, ‘ನಾಳೇನ ಬೆಂಗಳೂರಿಗೆ ಹೋಗೂಣು’ ಅನ್ನುವ ಮಗ ಇನ್ನೊಂದು ಕಡೆ, ‘ಟಿಬಿ ಗುಳಿಗಿ ಶುರು ಮಾಡಿಬಿಡೂಣು’ ಅನ್ನುವ ಡಾಕ್ಟರು ಮತ್ತೊಂದು ಕಡೆ.

ಮೂವರ ಮಾತೂ ಕೆಲವು ಗಂಟುಗಳಿಗೆ ಸರಿ, ಕೆಲವಕ್ಕೆ ತಪ್ಪು. ಯಾವ ಗಂಟಿಗೆ ಯಾವುದು ಅಂತ ತಿಳಿಯಲು ಮೊದಲು ಕೆಲವು ಅಳತೆಗೋಲು ಬೇಕು. ಇಲ್ಲಿ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯವರಿಗೆಂದು ಬರೆದಿರುವುದು ರೋಗಲಕ್ಷಣವಿಲ್ಲದೆ ಅಚಾನಕ್ಕಾಗಿ ಸಿಕ್ಕ ಗಂಟಿನ ಬಗ್ಗೆ. ಕಫದಲ್ಲಿ ರಕ್ತ ಬರುತ್ತಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ದನಿ ಒಡೆದು ವಾರಗಟ್ಟಲೆ ಆಗಿದ್ದರೆ ಈ ಲೆಕ್ಕಾಚಾರಕ್ಕೆ ಕೂರಬೇಡಿ. ನೇರ ಶ್ವಾಸಕೋಶ ತಜ್ಞರ ಹತ್ತಿರ ಹೋಗಿ.

ನಿರ್ಧಾರಕ್ಕೆ ಮುಂಚೆ ನೋಡಬೇಕಾದ್ದು

ಗಾತ್ರ ಮೊದಲನೆಯದು. 3 ಸೆಂ.ಮೀ.ವರೆಗಿನದು ನಾಡ್ಯೂಲ್, ಅದಕ್ಕಿಂತ ದೊಡ್ಡದಾದರೆ ಮಾಸ್; ಮಾಸ್ ಆಗಿದ್ದರೆ ಕಾಯುವ ಮಾತೇ ಇಲ್ಲ. ನಾಡ್ಯೂಲ್‌ನೊಳಗೆ 6 ಮತ್ತು 8 ಮಿ.ಮೀ. ಎರಡು ಗೆರೆಗಳು. 6 ಮಿ.ಮೀ.ಗಿಂತ ಸಣ್ಣ ಗಟ್ಟಿ ಗಂಟು ಕ್ಯಾನ್ಸರ್ ಆಗಿರುವ ಸಾಧ್ಯತೆ, ಸಿಗರೇಟು ಸೇದುವವರಲ್ಲೂ, ನೂರಕ್ಕೆ ಒಂದಕ್ಕಿಂತ ಕಡಿಮೆ. 8 ದಾಟಿದ ಮೇಲೆ ಲೆಕ್ಕ ಬದಲಾಗುತ್ತದೆ.

ಎರಡನೆಯದು ಜಾತಿ. ವರದಿಯಲ್ಲಿ ‘ಸಾಲಿಡ್’ ಅಂದರೆ ಪೂರ್ತಿ ಗಟ್ಟಿ. ‘ಗ್ರೌಂಡ್ ಗ್ಲಾಸ್’ ಅಂದರೆ ಮಂಜು ಕವಿದ ಗಾಜಿನ ಹಾಗೆ ಮಬ್ಬು, ಹಿಂದಿನ ರಕ್ತನಾಳ ಕಾಣುತ್ತಿರುತ್ತದೆ. ‘ಪಾರ್ಟ್ ಸಾಲಿಡ್’ ಅಂದರೆ ಮಬ್ಬಿನ ನಡುವೆ ಗಟ್ಟಿ ಭಾಗ. ಮೂರರಲ್ಲಿ ಹೆಚ್ಚು ಎಚ್ಚರ ಬೇಕಾದ್ದು ಈ ಕೊನೆಯದಕ್ಕೆ. ಬರೀ ಮಬ್ಬು ಬಹಳ ಸಲ ನ್ಯುಮೋನಿಯಾದ ಉಳಿಕೆ, ತಿಂಗಳುಗಳಲ್ಲಿ ಕರಗುತ್ತದೆ. ಕರಗದೆ ಉಳಿದರೂ ಬೆಳೆಯುವುದು ಬಹಳ ನಿಧಾನ.

ಅಂಚು, ಜಾಗ, ಸುಣ್ಣ (ಗಂಟಿನಲ್ಲಿ ಕಟ್ಟಿದ ಕ್ಯಾಲ್ಸಿಯಂ) ಇವು ಮೂರನೆಯವು. ಅಂಚಿನಿಂದ ಮುಳ್ಳು ಚಾಚಿದ್ದರೆ, ಶ್ವಾಸಕೋಶದ ಮೇಲಿನ ಹಾಲೆಯಲ್ಲಿದ್ದರೆ (ಹಾಲೆ ಅಂದರೆ ಶ್ವಾಸಕೋಶದ ಒಂದು ಭಾಗ) ಕ್ಯಾನ್ಸರಿನ ಅನುಮಾನ ಹೆಚ್ಚು. ಹಾಲೆಗಳ ನಡುವಿನ ಪೊರೆಗೆ ಅಂಟಿಕೊಂಡ, ನುಣುಪಾದ, ತ್ರಿಕೋನದ ಸಣ್ಣ ಗಂಟು ಹೆಚ್ಚಾಗಿ ದುಗ್ಧಗ್ರಂಥಿ (ಲಿಂಫ್ ನೋಡ್). ಅದಕ್ಕೆ ಏನೂ ಮಾಡಬೇಕಿಲ್ಲ. ಇಡೀ ಗಂಟು ಸುಣ್ಣವಾಗಿದ್ದರೆ, ನಟ್ಟನಡುವೆ ಸುಣ್ಣವಿದ್ದರೆ, ಪದರ ಪದರವಾಗಿ ಅಥವಾ ಪಾಪ್‌ಕಾರ್ನ್ ಆಕಾರದಲ್ಲಿದ್ದರೆ ನಿರಪಾಯ. ಒಂದು ಮೂಲೆಯಲ್ಲಿ ಮಾತ್ರ ಸುಣ್ಣದ ಚುಕ್ಕಿ ಇದ್ದರೆ ಆ ಭರವಸೆ ಇಲ್ಲ. ವರದಿಯಲ್ಲಿ ಬರೀ ‘ಕ್ಯಾಲ್ಸಿಫೈಡ್’ ಅಂತಿದ್ದರೆ ಯಾವ ಥರ ಅಂತ ಕೇಳಲೇಬೇಕು.

ನಾಲ್ಕನೆಯದಕ್ಕೆ ಖರ್ಚೇ ಇಲ್ಲ, ಆದರೂ ಎಲ್ಲರೂ ಮರೆಯುವುದು ಅದನ್ನೇ: ಹಳೆಯ ಚಿತ್ರ. ಟ್ರಂಕಿನಲ್ಲಿ, ಬೀರುವಿನ ಮೇಲೆ, ಹಳೆ ಆಪರೇಶನ್ ಫೈಲಿನಲ್ಲಿ ಎದೆಯ ಎಕ್ಸ್‌-ರೇ ಅಥವಾ ಸಿಟಿ ಇದೆಯೇ ಹುಡುಕಿ. ಕೋವಿಡ್ ಹೊತ್ತಿನಲ್ಲಿ ನಮ್ಮ ಕಡೆ ಎಷ್ಟೋ ಜನ ಎದೆ ಸಿಟಿ ಮಾಡಿಸಿದ್ದಾರೆ, ಆ ಸಿಡಿ ಈಗ ಬಂಗಾರ. ಗಟ್ಟಿ ಗಂಟೊಂದು ಎರಡು ವರ್ಷದ ಹಿಂದಿನ ಸಿಟಿಯಲ್ಲೂ ಇಷ್ಟೇ ಇದ್ದರೆ ಬಹುಪಾಲು ಕೇಸು ಅಲ್ಲಿಗೇ ಮುಗಿಯುತ್ತದೆ. ಸಾವಿರಾರು ರೂಪಾಯಿ ಉಳಿಸುವ ಕೆಲಸ ಇದೊಂದೇ.

ಐದನೆಯದು ನೀವು. ವಯಸ್ಸು, ಸಿಗರೇಟು-ಬೀಡಿಯ ಲೆಕ್ಕ, ಮನೆಯಲ್ಲಿ ಯಾರಿಗಾದರೂ ಶ್ವಾಸಕೋಶದ ಕ್ಯಾನ್ಸರ್ ಆಗಿತ್ತೇ, ಮೊದಲು ಟಿಬಿ ಬಂದಿತ್ತೇ, ಕಲ್ಲಿನ ಕ್ವಾರಿ ಅಥವಾ ಕ್ರಷರ್ ಕೆಲಸ ಮಾಡಿದ್ದೀರಾ. ಡಾಕ್ಟರ ಮುಂದೆ ‘ಬೀಡಿ ಅಷ್ಟೇರಿ, ಸಿಗರೇಟ್ ಇಲ್ಲ’ ಅನ್ನಬೇಡಿ. ಬೀಡಿಯೂ ಲೆಕ್ಕಕ್ಕಿದೆ, ಬಿಟ್ಟು ಹತ್ತು ವರ್ಷವಾಗಿದ್ದರೂ ಹೇಳಬೇಕು. ಹತ್ತಿಪ್ಪತ್ತು ವರ್ಷ ಕಟ್ಟಿಗೆ ಒಲೆಯ ಹೊಗೆಯಲ್ಲಿ ರೊಟ್ಟಿ ಬಡಿದ ಹೆಣ್ಣುಮಕ್ಕಳು ಆ ಮಾತನ್ನು ತಾವಾಗಿಯೇ ಹೇಳಬೇಕು, ಕೇಳುವವರು ಕಡಿಮೆ. ಮೊದಲು ಬೇರೆ ಅಂಗದ ಕ್ಯಾನ್ಸರ್ ಆಗಿದ್ದವರಿಗೆ, ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ, 35ಕ್ಕಿಂತ ಚಿಕ್ಕವರಿಗೆ ಮುಂದೆ ಹೇಳುವ ಕಾಯುವ ಲೆಕ್ಕ ಅನ್ವಯವಾಗುವುದಿಲ್ಲ.

ಆರನೆಯದು ದುಡ್ಡು, ದೂರ, ದೇಹದ ತ್ರಾಣ. ಇದನ್ನು ಕೊನೆಗಿಟ್ಟಿದ್ದು ಮುಖ್ಯವಲ್ಲ ಅಂತಲ್ಲ. ಮೊದಲ ಐದು ಗೊತ್ತಾಗದೆ ಖರ್ಚಿನ ಲೆಕ್ಕ ಹಾಕಿದರೆ ಬೇಡದ್ದಕ್ಕೆ ದುಡ್ಡು ಹೋಗಿ ಬೇಕಾದ್ದಕ್ಕೆ ಉಳಿಯುವುದಿಲ್ಲ.

ಗಂಟು ಕಂಡದ್ದು ಎಕ್ಸ್‌-ರೇಯಲ್ಲೋ, ಸಿಟಿಯಲ್ಲೋ?

ಎಕ್ಸ್‌-ರೇಯಲ್ಲಿ ಕಂಡ ಗುಂಡನೆಯ ನೆರಳು ಗಂಟೇ ಆಗಿರಬೇಕೆಂದಿಲ್ಲ. ಮೊಲೆತೊಟ್ಟು, ಹಳೆಯ ಪಕ್ಕೆಲುಬಿನ ಮುರಿತ, ಬೆನ್ನಿನ ಚರ್ಮದ ಗುಳ್ಳೆ ಕೂಡ ಹಾಗೇ ಕಾಣುತ್ತವೆ. ಮೊಲೆತೊಟ್ಟಿನ ಅನುಮಾನವಿದ್ದರೆ ಅಲ್ಲಿ ಲೋಹದ ಸಣ್ಣ ಗುರುತು ಅಂಟಿಸಿ ಮತ್ತೊಂದು ಎಕ್ಸ್‌-ರೇ ತೆಗೆದರೆ ಸಾಕು. ಹೊಟ್ಟೆಯ ಸಿಟಿಯಲ್ಲಿ ಶ್ವಾಸಕೋಶದ ಕೆಳಭಾಗ ಮಾತ್ರ ಬಂದಿರುತ್ತದೆ. ಅಲ್ಲಿ 6ರಿಂದ 8 ಮಿ.ಮೀ. ಗಂಟು ಸಿಕ್ಕರೆ 3ರಿಂದ 12 ತಿಂಗಳೊಳಗೆ ಪೂರ್ತಿ ಎದೆಯ ಸಿಟಿ ಆಗಬೇಕು; ಅದಕ್ಕಿಂತ ದೊಡ್ಡದಿದ್ದರೆ ಕೂಡಲೇ.

ಆ ಸಿಟಿಗೆ ಹೋಗುವಾಗ ಚೀಟಿಯಲ್ಲಿ ಮೂರು ಮಾತು ಇರಲಿ: ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಲು ಚುಚ್ಚುವ ಔಷಧ) ಇಲ್ಲದೆ, ಲೋ ಡೋಸ್ ಅಂದರೆ ಕಡಿಮೆ ವಿಕಿರಣ, ತೆಳು ಸ್ಲೈಸ್ ಅಂದರೆ ಚಿತ್ರದ ತೆಳು ಪದರ (1ರಿಂದ 1.5 ಮಿ.ಮೀ.). 5 ಮಿ.ಮೀ. ಸ್ಲೈಸಿನಲ್ಲಿ 6 ಮಿ.ಮೀ. ಗಂಟು ಅಳೆಯುವುದು ಊಹೆಯ ಮಾತು. ಲೋ ಡೋಸ್ ಸಿಟಿಯ ವಿಕಿರಣ ಸುಮಾರು 1ರಿಂದ 1.5 ಮಿಲಿಸೀವರ್ಟ್, ಮಾಮೂಲಿ ಎದೆ ಸಿಟಿಯದು ಅದರ ನಾಲ್ಕೈದು ಪಟ್ಟು. ಪದೇ ಪದೇ ಮಾಡಿಸಬೇಕಾದವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಬರುವಾಗ ಫಿಲ್ಮ್ ಜೊತೆ ಸಿಡಿ ತರಲೇಬೇಕು. ಸಿಡಿ ಗೀಚಿ ಹಾಳಾಗುತ್ತದೆ, ಸೆಂಟರಿನವರು ಮೊಬೈಲಿಗೆ ಕಳಿಸುವ ಲಿಂಕು ಕೆಲ ದಿನಕ್ಕೆ ಮುಚ್ಚಿಹೋಗಬಹುದು. ಅದೇ ದಿನ ಪೆನ್‌ಡ್ರೈವಿಗೆ ಇಳಿಸಿಕೊಳ್ಳಿ. ಬೆಳಕಿಗೆ ಹಿಡಿದ ಫಿಲ್ಮಿನ ವಾಟ್ಸಾಪ್ ಫೋಟೋ ನೋಡಿ ಯಾವ ತಜ್ಞರೂ ಗಂಟು ಅಳೆಯಲಾರರು.

ಕಾಯುವುದು: ತಾರೀಖು ಹಾಕಿ ಕಾಯುವುದು

ಹೆಚ್ಚಿನವರಿಗೆ ಸರಿಯಾದ ಆಯ್ಕೆ ಇದು, ಮತ್ತು ಒಪ್ಪಿಕೊಳ್ಳಲು ಕಷ್ಟವಾಗುವುದೂ ಇದೇ. ಜಗತ್ತಿನಾದ್ಯಂತ ರೇಡಿಯಾಲಜಿಸ್ಟರು (ಸ್ಕ್ಯಾನ್ ಓದುವ ಡಾಕ್ಟರು) ಬಳಸುವ ಫ್ಲೈಷ್ನರ್ ಸೊಸೈಟಿಯ 2017ರ ಮಾರ್ಗಸೂಚಿ ಹೇಳುವುದು ಹೀಗೆ. ಒಂದೇ ಗಟ್ಟಿ ಗಂಟು, 6 ಮಿ.ಮೀ.ಗಿಂತ ಸಣ್ಣದು, ಅಪಾಯದ ಅಂಶಗಳಿಲ್ಲ ಅಂದರೆ ಮತ್ತೆ ಸ್ಕ್ಯಾನೇ ಬೇಡ. ಸೇದುವವರಾಗಿದ್ದರೆ 12 ತಿಂಗಳಿಗೆ ಒಂದು ಸಿಟಿ ಮಾಡಿಸಬಹುದು. 6ರಿಂದ 8 ಮಿ.ಮೀ. ಆದರೆ 6ರಿಂದ 12 ತಿಂಗಳೊಳಗೆ ಒಂದು. ಅಪಾಯದ ಅಂಶ ಇದ್ದವರಿಗೆ 18ರಿಂದ 24 ತಿಂಗಳಲ್ಲಿ ಇನ್ನೊಂದು, ಇಲ್ಲದವರಿಗೆ ಆ ಎರಡನೆಯದು ಡಾಕ್ಟರ ವಿವೇಚನೆ. 8 ಮಿ.ಮೀ. ದಾಟಿದ ಗಟ್ಟಿ ಗಂಟಿಗೆ ಮೂರು ತಿಂಗಳಿಗೆ ಸಿಟಿ, ಪೆಟ್ ಸ್ಕ್ಯಾನ್ (ವಿಕಿರಣ ಸೂಸುವ ಸಕ್ಕರೆಯಂಥ ಔಷಧ ಚುಚ್ಚಿ, ಅದನ್ನು ಹೆಚ್ಚು ಹೀರಿದ ಜಾಗ ಹೊಳೆಯುವುದನ್ನು ನೋಡುವುದು), ಇಲ್ಲವೇ ಬಯಾಪ್ಸಿ (ಗಂಟಿನ ತುಣುಕು ತೆಗೆದು ಪರೀಕ್ಷಿಸುವುದು), ಈ ಮೂರರಲ್ಲಿ ಒಂದು.

6 ಮಿ.ಮೀ. ಅಥವಾ ದೊಡ್ಡ ಗ್ರೌಂಡ್ ಗ್ಲಾಸಿಗೆ 6ರಿಂದ 12 ತಿಂಗಳಿಗೊಂದು, ಉಳಿದಿದ್ದರೆ ಎರಡು ವರ್ಷಕ್ಕೊಮ್ಮೆಯಂತೆ ಐದು ವರ್ಷದವರೆಗೆ. ಅಷ್ಟೇ ಗಾತ್ರದ ಪಾರ್ಟ್ ಸಾಲಿಡಿಗೆ 3ರಿಂದ 6 ತಿಂಗಳಲ್ಲೇ ಮೊದಲನೆಯದು. ಗಟ್ಟಿ ಭಾಗ 6 ಮಿ.ಮೀ.ಗಿಂತ ಕಡಿಮೆಯೇ ಇದ್ದರೆ ಆಮೇಲೆ ವರ್ಷಕ್ಕೊಂದರಂತೆ ಐದು ವರ್ಷ. ಗಟ್ಟಿ ಗಂಟಿಗೆ ಎರಡು ವರ್ಷ ಸಾಕು, ಮಬ್ಬು ಗಂಟಿಗೆ ಐದು ವರ್ಷ ಏಕೆ ಅಂದರೆ, ಮಬ್ಬು ಗಂಟು ಕೆಟ್ಟದ್ದೇ ಆದರೂ ವರ್ಷಗಟ್ಟಲೆ ಅಲ್ಲಾಡದೆ ಕೂತಿರುತ್ತದೆ.

ಹೀಗೆ ಕಾಯುವುದರಿಂದ ರೋಗ ಕೈಮೀರುವುದಿಲ್ಲವೇ? ಗಟ್ಟಿ ಗಂಟಿನ ಕ್ಯಾನ್ಸರ್ ಘನಗಾತ್ರದಲ್ಲಿ ಇಮ್ಮಡಿಯಾಗಲು ಸಾಮಾನ್ಯವಾಗಿ 100ರಿಂದ 400 ದಿನ ಬೇಕು. ಇಮ್ಮಡಿ ಅಂದರೆ 8 ಮಿ.ಮೀ. 16 ಆಗುವುದಲ್ಲ. ಗುಂಡನೆಯ ವಸ್ತುವಿನ ಅಡ್ಡಳತೆ 8ರಿಂದ 10 ಮಿ.ಮೀ. ಆದರೇ ಅದರ ಘನಗಾತ್ರ ಹೆಚ್ಚುಕಡಿಮೆ ಎರಡರಷ್ಟು. ಆದ್ದರಿಂದ ‘ಬರೀ 2 ಮಿ.ಮೀ. ಬೆಳೆದದ, ಏನಾತು’ ಅನ್ನುವ ಮಾತು ಒಪ್ಪತಕ್ಕದ್ದಲ್ಲ. ಅದೇ ಹೊತ್ತಿಗೆ 2 ಮಿ.ಮೀ.ಗಿಂತ ಕಡಿಮೆ ವ್ಯತ್ಯಾಸ ಅಳೆಯುವವರ ಕೈ ವ್ಯತ್ಯಾಸವೂ ಆಗಿರಬಹುದು. 7 ಇದ್ದದ್ದು 8 ಅಂತ ಬಂದರೆ ನಿದ್ದೆಗೆಡುವ ಮೊದಲು ಒಬ್ಬರೇ ರೇಡಿಯಾಲಜಿಸ್ಟರ ಹತ್ತಿರ ಎರಡೂ ಸಿಡಿ ಒಟ್ಟಿಗೆ ಇಡಿಸಿ ಅಳೆಸಿ. ಎರಡು ವಾರದಲ್ಲಿ ದುಪ್ಪಟ್ಟಾದ ಗಂಟು ಕ್ಯಾನ್ಸರಿಗಿಂತ ಸೋಂಕಾಗಿರುವ ಸಾಧ್ಯತೆಯೇ ಹೆಚ್ಚು.

ಈ ದಾರಿಯ ನಿಜವಾದ ಅಪಾಯ ಬೆಳವಣಿಗೆಯಲ್ಲಿಲ್ಲ, ಮರೆವಿನಲ್ಲಿದೆ. ಆರು ತಿಂಗಳ ನಂತರ ಮೆಣಸಿನಕಾಯಿ ಸುಗ್ಗಿ, ಮಗಳ ಮದುವೆ, ಬ್ಯಾಡಗಿ ಮಾರ್ಕೆಟ್ಟಿನ ಓಡಾಟ ಅಂತ ಏನೋ ಒಂದು ಬಂದೇ ಬರುತ್ತದೆ. ‘ಆರು ತಿಂಗಳ ಬಿಟ್ಟು ಬರ್ರಿ’ ಅಂದರೆ ಒಪ್ಪಬೇಡಿ, ತಾರೀಖು ಬರೆಸಿಕೊಳ್ಳಿ. ಆ ತಾರೀಖು ಕ್ಯಾಲೆಂಡರಿನಲ್ಲಿ, ಇಬ್ಬರ ಮೊಬೈಲಿನಲ್ಲಿ ಇರಲಿ. ಇನ್ನೊಂದು ನಮ್ಮ ಮನೆಗಳ ರೂಢಿ: ‘ಅಪ್ಪಾರ ಮುಂದ ಹೇಳಬ್ಯಾಡ್ರಿ’ ಅಂತ ಮಕ್ಕಳು ಮುಚ್ಚಿಡುವುದು. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಯಾಕೆ ಅಂತ ಗೊತ್ತಿಲ್ಲದ ಅಪ್ಪ ‘ನಾ ಆರಾಮ ಅದೀನಿ, ಮತ್ತೇನು ಸ್ಕ್ಯಾನು’ ಅಂತ ಎರಡನೇ ಸಿಟಿಗೆ ಬರುವುದೇ ಇಲ್ಲ. ಹೆದರಿಸದೆ ಹೇಳಬಹುದು: ‘ಸಣ್ಣ ಗಂಟೈತಿ, ಹೆಚ್ಚಿನವು ಹಳೇ ಗಾಯದ ಕಲೆ ಇರ್ತಾವ, ಬೆಳದದ ಇಲ್ಲ ನೋಡೂಣು.’

ಕಾಯುವ ತಿಂಗಳುಗಳಲ್ಲಿ ನಿದ್ದೆ ಬಾರದೆ ಕೆಲಸಕ್ಕೆ ತೊಂದರೆಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನ ಹೊರರೋಗಿ ವಿಭಾಗವೂ ಇದೆ. ಸೇದುವವರು ಈ ಅವಧಿಯಲ್ಲಿ ಬಿಡುವುದಕ್ಕಿಂತ ದೊಡ್ಡ ಚಿಕಿತ್ಸೆ ಇಲ್ಲ. ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ 1800112356.

ಪೆಟ್-ಸಿಟಿ: ದುಡ್ಡಿಗೆ ತಕ್ಕ ಉತ್ತರ ಯಾವಾಗ?

ಸಿಟಿಯ ಖರ್ಚು ಸಾವಿರಗಳಲ್ಲಿ ಮುಗಿದರೆ ಪೆಟ್‌ನದು ಹತ್ತು ಸಾವಿರ ದಾಟುತ್ತದೆ. ಅಷ್ಟು ಕೊಟ್ಟು ಮಾಡಿಸಿದ ಮೇಲೂ ಉತ್ತರ ಸಿಗದ ಮೂರು ಸಂದರ್ಭ ಇವೆ. ಗಂಟು 8 ಮಿ.ಮೀ.ಗಿಂತ ಸಣ್ಣದಿದ್ದರೆ ಕ್ಯಾನ್ಸರ್ ಇದ್ದರೂ ಹೊಳೆಯದಿರಬಹುದು. ಗ್ರೌಂಡ್ ಗ್ಲಾಸ್ ಗಂಟು, ಕಾರ್ಸಿನಾಯ್ಡ್ ಎಂಬ ನಿಧಾನದ ಗಡ್ಡೆ ಇವೂ ಹಾಗೆಯೇ. ಮೂರನೆಯದು ನಮ್ಮ ನೆಲದ ತೊಡಕು: ಟಿಬಿ ಗಂಟೂ ಕ್ಯಾನ್ಸರಿನಷ್ಟೇ ಜೋರಾಗಿ ಹೊಳೆಯುತ್ತದೆ. ವರದಿಯಲ್ಲಿ ಬರುವ ಎಸ್‌ಯುವಿ (ಎಷ್ಟು ಹೊಳೆಯಿತು ಅನ್ನುವ ಅಳತೆ) ಅಂಕಿ 2.5ಕ್ಕಿಂತ ಹೆಚ್ಚು ಅಂದರೆ ಕ್ಯಾನ್ಸರ್ ಅನ್ನುವ ಹಳೆಯ ಲೆಕ್ಕ ಟಿಬಿ ಹೆಚ್ಚಿರುವ ಕಡೆ ನಿಲ್ಲುವುದಿಲ್ಲ. ‘ಪೆಟ್‌ನಾಗ ಬೆಳಕ ಬಂದೈತಿ’ ಅಂದಮಾತ್ರಕ್ಕೆ ಕೈಚೆಲ್ಲಿ ಕೂತ ಮನೆಗಳು ಕಡಿಮೆಯಿಲ್ಲ.

ಹಾಗಾದರೆ ಯಾರಿಗೆ? 8 ಮಿ.ಮೀ. ದಾಟಿದ ಗಟ್ಟಿ ಗಂಟು, ಅನುಮಾನ ಅರ್ಧಂಬರ್ಧ ಇರುವವರಿಗೆ. ಮತ್ತು ಆಪರೇಶನ್ ತೀರ್ಮಾನವಾದವರಿಗೆ, ಬೇರೆಲ್ಲಾದರೂ ಹರಡಿದೆಯೇ ನೋಡಲು. ಈ ಎರಡನೇ ಉಪಯೋಗವೇ ದೊಡ್ಡದು: ಕುತ್ತಿಗೆಯ ಗ್ರಂಥಿಯೊಂದು ಹೊಳೆದರೆ ಎದೆ ಚುಚ್ಚದೆ ಅಲ್ಲಿಂದಲೇ ಸ್ಯಾಂಪಲ್ ತೆಗೆಯಬಹುದು.

ಪೆಟ್ ಕೆಡುವುದು ಹೆಚ್ಚಾಗಿ ಬಸ್‌ಸ್ಟ್ಯಾಂಡಿನಲ್ಲಿ. ಔಷಧವೇ ಸಕ್ಕರೆಯ ರೂಪದ್ದು, ಆರು ತಾಸು ಉಪವಾಸ ಬೇಕು, ನೀರು ಮಾತ್ರ ಕುಡಿಯಬಹುದು. ಹಾವೇರಿಯಿಂದ ನಸುಕಿನಲ್ಲಿ ಹೊರಟು ದಾರಿಯಲ್ಲಿ ಒಂದು ಕಪ್ ಸಕ್ಕರೆ ಚಹಾ ಕುಡಿದರೂ ಸ್ಕ್ಯಾನ್ ಮುಂದಕ್ಕೆ ಹೋಗುತ್ತದೆ. ಸಕ್ಕರೆ ಕಾಯಿಲೆಯವರ ರಕ್ತದ ಸಕ್ಕರೆ 200ಕ್ಕಿಂತ ಕೆಳಗಿರಬೇಕು. ಅದಕ್ಕೆಂದು ಕೊನೆ ಗಳಿಗೆಯಲ್ಲಿ ಇನ್ಸುಲಿನ್ ಚುಚ್ಚಿಕೊಂಡರೆ ಔಷಧವೆಲ್ಲ ಮಾಂಸಖಂಡಕ್ಕೆ ಹೋಗಿ ಚಿತ್ರ ಹಾಳು. ಇನ್ಸುಲಿನ್ ಮತ್ತು ಮಾತ್ರೆಗಳ ಹೊತ್ತನ್ನು ಸೆಂಟರಿಗೆ ಹಿಂದಿನ ದಿನವೇ ಕೇಳಿಕೊಳ್ಳಿ. ಹಿಂದಿನ ದಿನ ಹೊಲದ ಭಾರಿ ಕೆಲಸವೂ ಬೇಡ. ಮನೆಗೆ ಬಂದ ಮೇಲೆ ಆ ದಿನ ಕೂಸುಗಳನ್ನು ಎತ್ತಿಕೊಳ್ಳಬೇಡಿ, ಬಸುರಿಯರಿಂದ ದೂರವಿರಿ.

ಸೂಜಿ ಬಯಾಪ್ಸಿ

ಏನು ಅಂತ ಖಚಿತವಾಗಿ ಹೇಳುವುದು ಮಾಂಸದ ತುಣುಕೊಂದೇ. ಗಂಟು ಎದೆಯ ಗೋಡೆಗೆ ಹತ್ತಿರವಿದ್ದರೆ ಸಿಟಿ ನೋಡುತ್ತ ಹೊರಗಿನಿಂದ ಸೂಜಿ ಹಾಕುತ್ತಾರೆ. ಆ ಜಾಗ ಮರಗಟ್ಟಿಸುತ್ತಾರೆ, ಉಸಿರು ಹಿಡಿಯಲು ಹೇಳುತ್ತಾರೆ, ಅರ್ಧದಿಂದ ಒಂದು ತಾಸಿನ ಕೆಲಸ. ಆಮೇಲೆ ಚುಚ್ಚಿದ ಮಗ್ಗುಲು ಕೆಳಗೆ ಮಾಡಿ ಮಲಗಿಸುತ್ತಾರೆ, ಕೆಲ ತಾಸು ಬಿಟ್ಟು ಎಕ್ಸ್‌-ರೇ ತೆಗೆಯುತ್ತಾರೆ. ಆ ಎಕ್ಸ್‌-ರೇ ಆಗದೆ ಮನೆಗೆ ಹೊರಡಬೇಡಿ.

ಏಕೆಂದರೆ ಸೂಜಿಯ ದಾರಿಯಲ್ಲಿ ಗಾಳಿ ಸೋರಿ ಶ್ವಾಸಕೋಶ ಸ್ವಲ್ಪ ಕುಗ್ಗುವುದು ಅಪರೂಪವಲ್ಲ: ನೂರು ಜನರಲ್ಲಿ 15ರಿಂದ 25 ಮಂದಿಗೆ ಆಗುತ್ತದೆ. ಬಹುಪಾಲು ತಾನೇ ಸರಿಹೋಗುತ್ತದೆ, ಕೆಲವರಿಗೆ ಮಾತ್ರ ಎದೆಗೆ ಸಣ್ಣ ನಳಿಕೆ ಹಾಕಬೇಕಾಗುತ್ತದೆ. ಸೇದಿ ಸೇದಿ ಶ್ವಾಸಕೋಶ ಜೊಳ್ಳಾದವರಿಗೆ, ಗಂಟು ಆಳದಲ್ಲಿದ್ದವರಿಗೆ ಈ ಸಂಭವ ಹೆಚ್ಚು. ಗದಗ, ಹಾವೇರಿ ಕಡೆಯವರು ಆ ರಾತ್ರಿ ಹುಬ್ಬಳ್ಳಿಯಲ್ಲೇ ಉಳಿಯುವುದು ಲೇಸು. ಒಮ್ಮೆಗೇ ದಮ್ಮು ಹತ್ತಿದರೆ, ಎದೆ ಹಿಡಿದುಕೊಂಡರೆ, ಕೆಮ್ಮಿದಾಗ ರಕ್ತ ಹೆಚ್ಚಾದರೆ ಬೆಳಗಾಗಲಿ ಅಂತ ಕಾಯಬಾರದು. ರಕ್ತ ತೆಳುವಾಗಿಸುವ ಗುಳಿಗೆ ತಿನ್ನುವವರು ಮೊದಲೇ ತಿಳಿಸಬೇಕು. ಕ್ಲೊಪಿಡೊಗ್ರೆಲ್ ಸಾಮಾನ್ಯವಾಗಿ 5 ದಿನ ಮುಂಚೆ ನಿಲ್ಲಿಸುತ್ತಾರೆ, ಆದರೆ ಸ್ಟೆಂಟ್ ಹಾಕಿಸಿಕೊಂಡವರು ಹೃದಯದ ಡಾಕ್ಟರನ್ನು ಕೇಳದೆ ತಾವಾಗಿಯೇ ನಿಲ್ಲಿಸಿದರೆ ಶ್ವಾಸಕೋಶದ ಗಂಟಿಗಿಂತ ದೊಡ್ಡ ಗಂಡಾಂತರ.

ಈಗ ಎಲ್ಲಕ್ಕಿಂತ ಮುಖ್ಯದ್ದು. ಸ್ಯಾಂಪಲ್ ಎರಡು ಬಾಟಲಿಯಲ್ಲಿ ಹೋಗಬೇಕು: ಒಂದು ಫಾರ್ಮಲಿನ್‌ನಲ್ಲಿ (ತುಣುಕು ಕೆಡದಂತೆ ಇಡುವ ದ್ರಾವಣ), ಕ್ಯಾನ್ಸರ್ ನೋಡಲು, ಇನ್ನೊಂದು ಸ್ಟೆರೈಲ್ ಸಲೈನ್‌ನಲ್ಲಿ, ಟಿಬಿಯ ಸಿಬಿನ್ಯಾಟ್ (ರೋಗಾಣುವಿನ ಜೀನ್ ಹುಡುಕುವ ಪರೀಕ್ಷೆ) ಮತ್ತು ಕಲ್ಚರ್‌ಗೆ (ರೋಗಾಣು ಬೆಳೆಸಿ ನೋಡುವುದು). ಫಾರ್ಮಲಿನ್ ಟಿಬಿ ರೋಗಾಣುವನ್ನು ಕೊಲ್ಲುತ್ತದೆ, ಅದರೊಳಗೆ ಹಾಕಿದ ತುಣುಕಿನಿಂದ ಕಲ್ಚರ್ ಬೆಳೆಯುವುದಿಲ್ಲ. ಎಲ್ಲವನ್ನೂ ಒಂದೇ ಬಾಟಲಿಗೆ ಹಾಕಿ ಲ್ಯಾಬಿಗೆ ಕಳಿಸಿದ ಮೇಲೆ, ವರದಿ ‘ಗ್ರ್ಯಾನ್ಯುಲೋಮಾ (ಟಿಬಿಯಲ್ಲಿ ಕಾಣುವಂಥ ಉರಿಯೂತದ ಗಂಟು), ಟಿಬಿ ಇರಬಹುದು’ ಅಂತ ಬಂದು, ಖಾತ್ರಿ ಮಾಡಲು ಮತ್ತೆ ಚುಚ್ಚಬೇಕಾದ ಪ್ರಸಂಗ ನಮ್ಮ ಕಡೆ ಆಗುತ್ತಲೇ ಇರುತ್ತದೆ. ಟೇಬಲ್ ಮೇಲೆ ಮಲಗುವ ಮೊದಲೇ ಜೊತೆಗೆ ಬಂದವರು ‘ಸಲೈನ್ ಬಾಟ್ಲಿ ಐತೇನ್ರಿ?’ ಅಂತ ಕೇಳಲಿ. ಸಿಬಿನ್ಯಾಟ್ ವರದಿ ಒಂದೆರಡು ದಿನದಲ್ಲಿ ಬರುತ್ತದೆ, ಕಲ್ಚರ್‌ಗೆ ಆರು ವಾರದವರೆಗೂ ಕಾಯಬೇಕು.

ವರದಿ ಓದುವಾಗಲೂ ಒಂದು ಮಾತು. ‘ಕ್ಯಾನ್ಸರ್ ಕಣ ಇಲ್ಲ, ಉರಿಯೂತ ಇದೆ’ ಅಂದರೆ ಬಿಡುಗಡೆ ಪತ್ರವಲ್ಲ. ಸೂಜಿ ಗಂಟಿನ ಪಕ್ಕಕ್ಕೆ ಹೋಗಿರಬಹುದು. ಹ್ಯಾಮಾರ್ಟೋಮಾ (ನಿರಪಾಯದ ಗಡ್ಡೆ), ಖಚಿತ ಟಿಬಿ ಅಂತ ಹೆಸರಿರುವ ಉತ್ತರ ಬಂದರೆ ಮಾತ್ರ ನಿರಾಳ. ಇಲ್ಲದಿದ್ದರೆ ಮೂರು ತಿಂಗಳ ಸಿಟಿ ಬಾಕಿ ಇದೆ ಅಂತಲೇ ತಿಳಿಯಿರಿ.

ಕುರಿ ಸಾಕುವವರು, ಹಟ್ಟಿಯಲ್ಲಿ ಕುರಿ-ನಾಯಿ ಜೊತೆ ಬೆಳೆದವರು ಅದನ್ನು ಹೇಳಬೇಕು. ನೀರು ತುಂಬಿದ ಗುಂಡನೆಯ ಗಂಟು ಹೈಡಾಟಿಡ್ ಸಿಸ್ಟ್ (ನಾಯಿ-ಕುರಿಗಳಲ್ಲಿರುವ ಹುಳುವಿನ ಚೀಲ) ಆಗಿದ್ದರೆ ಸೂಜಿ ಹಾಕುವುದು ಅಪಾಯ, ಒಡೆದು ತೀವ್ರ ಅಲರ್ಜಿಯಾಗಬಹುದು.

ಬ್ರಾಂಕೋಸ್ಕೋಪಿ

ಗಂಟು ದೊಡ್ಡ ಗಾಳಿನಾಳದ ಹತ್ತಿರವಿದ್ದರೆ, ಅಥವಾ ನಾಳವೊಂದು ನೇರ ಗಂಟಿನೊಳಗೆ ಹೋಗಿದ್ದು ಸಿಟಿಯಲ್ಲಿ ಕಂಡರೆ ಇದು, ಅಂದರೆ ಗಾಳಿನಾಳದೊಳಗೆ ದೂರ್ಬೀನಿನ ಕೊಳವೆ ಇಳಿಸಿ ನೋಡುವುದು, ಒಳ್ಳೆಯದು. ಗಾಳಿ ಸೋರುವ ಭಯ ಕಡಿಮೆ, ತೊಳೆದ ನೀರನ್ನು ಟಿಬಿಗೆ ಪರೀಕ್ಷಿಸಬಹುದು. ಅಂಚಿನಲ್ಲಿರುವ ಒಂದೆರಡು ಸೆಂ.ಮೀ. ಗಂಟಿಗೆ ಸಾಧಾರಣ ಬ್ರಾಂಕೋಸ್ಕೋಪ್ ತಲುಪುವುದೇ ಇಲ್ಲ. ‘ದೂರ್ಬೀನು ಹಾಕಿದ್ರು, ಏನೂ ಸಿಗಲಿಲ್ಲ’ ಅಂದರೆ ಗಂಟಿನಲ್ಲಿ ಏನೂ ಇಲ್ಲ ಅಂತ ಅರ್ಥವಲ್ಲ. ಎದೆಯ ನಡುವಿನ ಗ್ರಂಥಿಗಳು ದೊಡ್ಡದಾಗಿದ್ದರೆ ಈಬಸ್ ಎಂಬ ಅಲ್ಟ್ರಾಸೌಂಡ್ ತುದಿಯ ಸ್ಕೋಪು ಬೇಕು, ಅದು ಎಲ್ಲ ಆಸ್ಪತ್ರೆಯಲ್ಲಿರುವುದಿಲ್ಲ.

ಟಿಬಿ ಗುಳಿಗೆ ಕೊಟ್ಟು ನೋಡುವುದು

ಇದನ್ನು ಒಂದು ಆಯ್ಕೆ ಅಂತ ಲೆಕ್ಕಿಸಲೇಬಾರದು, ಆದರೆ ಮುಂದಿಡುವವರು ಇರುವುದರಿಂದ ಬರೆಯಬೇಕಾಗಿದೆ. ನಮ್ಮಲ್ಲಿ ಶ್ವಾಸಕೋಶದ ಗಂಟುಗಳಿಗೆ ಟಿಬಿ ದೊಡ್ಡ ಕಾರಣ ಹೌದು. ಅವುಗಳಲ್ಲಿ ಬಹಳಷ್ಟು ಯಾವಾಗಲೋ ಬಂದು ಮಾಯ್ದ ಕಲೆ, ಅದಕ್ಕೆ ಔಷಧವೇ ಬೇಡ. ಮಾಂಟೂ ಚರ್ಮಪರೀಕ್ಷೆ ಅಥವಾ ಇಗ್ರಾ ರಕ್ತಪರೀಕ್ಷೆ ಪಾಸಿಟಿವ್ ಬಂದರೆ ಟಿಬಿ ರೋಗಾಣು ಎಂದೋ ಮೈ ಹೊಕ್ಕಿತ್ತು ಅಂತಷ್ಟೇ. ಈ ಗಂಟು ಅದರದ್ದೇ ಅಂತಲ್ಲ.

ಪುರಾವೆ ಇಲ್ಲದೆ ಆರು ತಿಂಗಳ ಕೋರ್ಸ್ ಶುರು ಮಾಡಿದರೆ ಎರಡು ನಷ್ಟ. ಗಂಟು ಕ್ಯಾನ್ಸರಾಗಿದ್ದರೆ ಆಪರೇಶನ್‌ನಿಂದ ಪೂರ್ತಿ ತೆಗೆಯಬಹುದಾಗಿದ್ದ ಹೊತ್ತು ಗುಳಿಗೆ ನುಂಗುತ್ತ ಕಳೆದುಹೋಗುತ್ತದೆ. ಏನೂ ಆಗಿರದಿದ್ದರೆ ಲಿವರ್‌ಗೆ, ಕಣ್ಣಿನ ನರಕ್ಕೆ ತೊಂದರೆ ಕೊಡಬಲ್ಲ ಔಷಧವನ್ನು ಸುಮ್ಮನೆ ತಿಂದ ಹಾಗೆ. ಮೊದಲು ಕಫದ ಸಿಬಿನ್ಯಾಟ್ ಮಾಡಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಗದಗದ ಜಿಮ್ಸ್, ಹಾವೇರಿ ಜಿಲ್ಲಾ ಆಸ್ಪತ್ರೆಗೇ ಹೋಗಿ, ಇದಕ್ಕೆ ಹುಬ್ಬಳ್ಳಿಗೆ ಬರಬೇಕಿಲ್ಲ. ಟಿಬಿ ಖಚಿತವಾದರೆ ಔಷಧವೂ ಉಚಿತ, ಜೊತೆಗೆ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ತಿಂಗಳಿಗೆ 1,000 ರೂಪಾಯಿ ಬರುತ್ತದೆ. ಖಚಿತವಾಗದೆಯೂ ಡಾಕ್ಟರು ಗುಳಿಗೆ ಬೇಕೇ ಬೇಕು ಅಂದರೆ ‘ಗಂಟು ಇಳದದ ಇಲ್ಲ ಅಂತ ಯಾವ ತಾರೀಖಿಗೆ ನೋಡ್ತೀರಿ?’ ಅಂತ ಕೇಳಿ. ಎರಡು ತಿಂಗಳಾಚೆಯ ಉತ್ತರ ಬಂದರೆ ಎರಡನೇ ಅಭಿಪ್ರಾಯಕ್ಕೆ ಹೊರಡಿ.

ಗಂಟು ಕರಗಿಸುವ ಕಷಾಯ, ಲೇಹದ ಮಾತೂ ಬರುತ್ತದೆ. ಹೆಚ್ಚಿನ ಗಂಟುಗಳು ಏನೂ ಕೊಡದಿದ್ದರೂ ಇದ್ದ ಹಾಗೇ ಇರುತ್ತವೆ. ಆ ಪುಣ್ಯ ಯಾರ ಡಬ್ಬಿಗೆ ಬೇಕಾದರೂ ಹೋಗುತ್ತದೆ.

ತೆಗೆಸಿಯೇಬಿಡುವುದು

ಗಂಟು ಬೆಳೆಯುತ್ತಿದೆ, ಅಂಚು ಮುಳ್ಳುಮುಳ್ಳು, ಸೇದುವ ಅಭ್ಯಾಸವಿದೆ, ದೇಹ ಗಟ್ಟಿಯಿದೆ: ಇಂಥವರಿಗೆ ಸೂಜಿ ದಾಟಿ ನೇರ ಆಪರೇಶನ್ ಹೇಳುವುದುಂಟು, ಅದನ್ನು ಆತುರದ ನಿರ್ಧಾರ ಅನ್ನಬೇಕಿಲ್ಲ. ಎರಡು-ಮೂರು ಸಣ್ಣ ರಂಧ್ರ ಮಾಡಿ, ದೂರ್ಬೀನು ಇಳಿಸಿ ಗಂಟಿರುವ ತುಂಡನ್ನು ತೆಗೆದು, ರೋಗಿ ಮೇಜಿನ ಮೇಲಿರುವಾಗಲೇ ಫ್ರೋಜನ್ ಸೆಕ್ಷನ್ (ತುಂಡನ್ನು ಹೆಪ್ಪುಗಟ್ಟಿಸಿ ಕೂಡಲೇ ಮಾಡುವ ಪರೀಕ್ಷೆ) ನೋಡುತ್ತಾರೆ. ಕ್ಯಾನ್ಸರ್ ಅಂತ ಬಂದರೆ ಅದೇ ಅರಿವಳಿಕೆಯಲ್ಲಿ ಹೆಚ್ಚಿನ ಭಾಗ ತೆಗೆಯುತ್ತಾರೆ. ರೋಗಪತ್ತೆ, ಚಿಕಿತ್ಸೆ ಎರಡೂ ಒಂದೇ ಸಲ. ಖರ್ಚು ಮಾತ್ರ ಲಕ್ಷಗಳ ಲೆಕ್ಕ, ಎದೆಯಲ್ಲಿ ನಳಿಕೆ ಇಟ್ಟುಕೊಂಡು ಕೆಲವು ದಿನ ಆಸ್ಪತ್ರೆ, ಆಮೇಲೆ ವಾರಗಟ್ಟಲೆ ನೋವು. ಮುಂಚೆ ಉಸಿರಿನ ಪರೀಕ್ಷೆ, ಹೃದಯದ ಎಕೋ ಆಗಬೇಕು. ಎರಡು ಮಹಡಿ ಮೆಟ್ಟಿಲು ನಿಲ್ಲದೆ ಹತ್ತಲಾಗದವರಿಗೆ ಆ ಪರೀಕ್ಷೆಗಳು ಇನ್ನೂ ಮುಖ್ಯ. 6 ಮಿ.ಮೀ. ಗಂಟಿಗೆ ‘ಮನಸ್ಸಿಗೆ ಸಮಾಧಾನ ಆಗ್ಲಿ’ ಅಂತ ಆಪರೇಶನ್ ಕೇಳುವವರು ಈ ಬೆಲೆಯನ್ನೆಲ್ಲ ಲೆಕ್ಕಕ್ಕಿಡಬೇಕು.

ಎಲ್ಲಿ, ಯಾವ ಕಾರ್ಡಿನಲ್ಲಿ?

ಕಾಯುವ ದಾರಿಯವರು ಬೆಂಗಳೂರಿಗೆ ಹೋಗುವುದರಲ್ಲಿ ಅರ್ಥವಿಲ್ಲ. ಒಂದೇ ಸೆಂಟರ್, ಸಾಧ್ಯವಾದರೆ ಒಂದೇ ಮಷಿನ್, ಒಂದೇ ರೀತಿಯ ಸ್ಕ್ಯಾನ್ ಇದ್ದರೆ ಹೋಲಿಕೆ ನಿಖರ. ಹುಬ್ಬಳ್ಳಿ ವಿದ್ಯಾನಗರದ ಕಿಮ್ಸ್ ಆಸ್ಪತ್ರೆ (ಈಗಿನ ಹೆಸರು ಕೆಎಂಸಿಆರ್‌ಐ), ಸತ್ತೂರಿನ ಎಸ್‌ಡಿಎಂ, ನವನಗರದ ಕ್ಯಾನ್ಸರ್ ಆಸ್ಪತ್ರೆ ಮೂರೂ ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನ ದಾರಿಯಲ್ಲೇ ಇವೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಂಥ ದೊಡ್ಡ ಕೇಂದ್ರದ ಅಭಿಪ್ರಾಯ ಬೇಕಾಗುವುದು ಎರಡು ಕಡೆ: ಬಯಾಪ್ಸಿ ಎರಡು ಸಲ ವಿಫಲವಾದಾಗ, ಅಥವಾ ಕ್ಯಾನ್ಸರ್ ಖಚಿತವಾಗಿ ಆಪರೇಶನ್ ಸಾಧ್ಯವೇ ಅನ್ನುವ ಬಗ್ಗೆ ಡಾಕ್ಟರುಗಳಲ್ಲೇ ಒಮ್ಮತವಿಲ್ಲದಾಗ. ಆಗ ಎಲ್ಲ ಸಿಡಿ, ಬಯಾಪ್ಸಿಯ ಗಾಜಿನ ಸ್ಲೈಡ್ ಮತ್ತು ಮೇಣದ ಬ್ಲಾಕ್ ಲ್ಯಾಬಿನಿಂದ ಬೇಡಿ ಪಡೆದು ಒಯ್ಯಿರಿ. ಬರೀ ವರದಿ ಒಯ್ದರೆ ಎಲ್ಲ ಮೊದಲಿನಿಂದ ಶುರು.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜ್ ದರದ ಶೇ. 30ರಷ್ಟು, ಗರಿಷ್ಠ 1.5 ಲಕ್ಷ. ಹೊರರೋಗಿಯಾಗಿ ಮಾಡಿಸುವ ಸ್ಕ್ಯಾನುಗಳಿಗೆ ಸಾಮಾನ್ಯವಾಗಿ ಕೈಯಿಂದಲೇ ಹಾಕಬೇಕು. ಆಪರೇಶನ್, ಕ್ಯಾನ್ಸರ್ ಚಿಕಿತ್ಸೆಗೆ ಕಾರ್ಡು ಬರುತ್ತದೆ. ಖಾಸಗಿ ಆಸ್ಪತ್ರೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗಬಹುದು. ಆದ್ದರಿಂದ ದುಡ್ಡು ಕಟ್ಟುವ ಮುಂಚೆ ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರರ ಕೌಂಟರಿಗೆ ಹೋಗಿ. ಕಟ್ಟಿದ ಮೇಲೆ ಹೋದರೆ ವಾಪಸ್ ಸಿಗುವುದು ಕಷ್ಟ.

ಇಂಥವರಿಗೆ ಇದು

40 ವರ್ಷ, ಸೇದಿಲ್ಲ, 5 ಮಿ.ಮೀ. ನುಣುಪು ಗಟ್ಟಿ ಗಂಟು: ಫೈಲು ಮುಚ್ಚಿ, ಸಿಡಿ ಜೋಪಾನ ಮಾಡಿ. 58 ವರ್ಷ, ಮೂವತ್ತು ವರ್ಷ ಬೀಡಿ, ಮೇಲಿನ ಹಾಲೆಯಲ್ಲಿ 7 ಮಿ.ಮೀ.: ಬೀಡಿ ಬಿಡಿ, ಆರು ತಿಂಗಳ ತಾರೀಖು ಬರೆಸಿ, ಪೆಟ್‌ಗೆ ದುಡ್ಡು ಹಾಕಬೇಡಿ. ಅದೇ ಮನುಷ್ಯನಿಗೆ 14 ಮಿ.ಮೀ. ಇದ್ದರೆ ಕಾಯುವ ಮಾತು ಬಿಟ್ಟು ಬಯಾಪ್ಸಿ ಅಥವಾ ಆಪರೇಶನ್, ಕೈಯಲ್ಲಿ ದುಡ್ಡಿದ್ದರೆ ಮೊದಲು ಪೆಟ್. ಕ್ವಾರಿಯಲ್ಲಿ ದುಡಿದವರ ಎರಡೂ ಕಡೆ ಮೇಲ್ಭಾಗದಲ್ಲಿ ಹತ್ತಾರು ಸಣ್ಣ ಗಂಟು: ಸಿಲಿಕೋಸಿಸ್ (ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ) ನೆನಪಿಡಿ, ಜೊತೆಗೆ ಟಿಬಿ ಕಫ ಪರೀಕ್ಷೆ ತಪ್ಪಿಸಬೇಡಿ, ಅಂಥವರಿಗೆ ಟಿಬಿ ಹೆಚ್ಚು.

82 ವರ್ಷದ, ಹೃದಯ ಸೋತ, ನಾಲ್ಕು ಹೆಜ್ಜೆಗೆ ದಮ್ಮು ಹತ್ತುವ ಅಜ್ಜಿಯ 12 ಮಿ.ಮೀ. ಗಂಟಿನ ಲೆಕ್ಕವೇ ಬೇರೆ. ಕ್ಯಾನ್ಸರ್ ಅಂತ ಬಂದರೆ ಅವಳಿಗೆ ಯಾವ ಚಿಕಿತ್ಸೆ ಕೊಡಬಹುದು ಅಂತ ಪರೀಕ್ಷೆಗೆ ಮುಂಚೆಯೇ ಡಾಕ್ಟರನ್ನು ಕೇಳಿ. ಆಪರೇಶನ್ ಆಗದವರಿಗೂ ಕೆಲವೇ ಸಿಟ್ಟಿಂಗಿನಲ್ಲಿ ಮುಗಿಯುವ ಗುರಿಯಿಟ್ಟ ರೇಡಿಯೇಶನ್ ಇದೆ. ಅದು ತಡೆಯುವಂತಿದ್ದರೆ, ಅಜ್ಜಿಗೂ ಬೇಕು ಅನ್ನಿಸಿದರೆ ಮುಂದುವರಿಯಿರಿ. ಏನೂ ಕೊಡಲಾಗದು ಅಂತಿದ್ದರೆ ಚುಚ್ಚಿಸುವುದೂ ಬೇಡ, ಮೂರು ತಿಂಗಳಿಗೊಮ್ಮೆ ಹುಬ್ಬಳ್ಳಿಗೆ ಹೊತ್ತುಕೊಂಡು ಬರುವುದೂ ಬೇಡ.